ಬೀಗದ ಕೈ ಯಾರ ಬಳಿ?

ಕನಕಪುರ ರಸ್ತೆಯ ಕೋಣನಕುಂಟೆಯ ಹೆಸರನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ. ಅದರಲ್ಲಿ ಕೋಣವಿದೆ, ಕುಂಟೆಯಿದೆ. ಎಂದರೆ ದನ ಕಾಯ್ದವರೂ ಮಣ್ಣು ಹೊತ್ತವರೂ ಇದ್ದಾರೆ. 2007ರಲ್ಲಿ ಈ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2021ರ ಜನವರಿಯಲ್ಲಿ ಮೆಟ್ರೊ ರೈಲೂ ಬಂದಿತು. ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ಉಳಿದಿದೆ. ಕುಂಟೆ ತೋಡಿದವರ ಹೆಸರುಗಳೆಲ್ಲಿ?

ಕಲ್ಲಿನಲ್ಲಿ ಬರೆದದ್ದಕ್ಕೆ ಕಾವಲುಗಾರರಿದ್ದಾರೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿಯೇ ಪ್ರಕಟಿಸಿದರು. ಮಿಥಿಕ್ ಸೊಸೈಟಿಯು 2021ರಲ್ಲಿ ಅವುಗಳನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ದಾಖಲಿಸಲು ಕೈಹಾಕಿತು. ಮೆಚ್ಚತಕ್ಕ ಕಾರ್ಯವಿದು. ಆದರೆ ಶಾಸನ ಬರೆಸಿದವರು ಬಹುಮಟ್ಟಿಗೆ ದಾನ ಕೊಡಬಲ್ಲವರು. ಕೂಲಿಕಾರರ, ದಲಿತರ, ಅಲೆಮಾರಿಗಳ ಚರಿತ್ರೆ ಅಜ್ಜಿಯ ಬಾಯಲ್ಲಿದೆ, ಟ್ರಂಕಿನ ತಳದ ಹಕ್ಕುಪತ್ರದಲ್ಲಿದೆ, ಸಂಘದ ಹಳೆಯ ರಸೀದಿಯಲ್ಲಿದೆ.

ಬಾಯಲ್ಲಿರುವುದು ಎಷ್ಟು ದೊಡ್ಡದೆಂಬುದಕ್ಕೆ ತುಳುನಾಡಿನ ನಿದರ್ಶನ ಸಾಕು. ಕೃಷಿಕರಾದ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ಧ್ವನಿಮುದ್ರಿಸಿಕೊಂಡರು. ಅದು 15,683 ಸಾಲುಗಳ ಮಹಾಕಾವ್ಯ! ಅಚ್ಚಿಗೆ ಬಂದದ್ದು 1998ರಲ್ಲಿ. ಕುಳಿತು ಆಲಿಸುವವರಿಗೆ ವರ್ಷಗಟ್ಟಲೆ ಆಸರೆ ದೊರೆತರೆ ಏನಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ಗ್ರಂಥ ಹೊರಬಂದದ್ದು ಹೆಲ್ಸಿಂಕಿಯಲ್ಲಿ, ರೋಮನ್ ಲಿಪಿಯ ತುಳುವಿನಲ್ಲಿ, ಇಂಗ್ಲಿಷ್ ಅನುವಾದದೊಡನೆ. ಸಿರಿಯನ್ನು ನಂಬಿದ ಎಷ್ಟು ಮನೆಗಳವರು ಅದನ್ನು ಓದಬಲ್ಲರು?

ಹಣಕ್ಕೆ ದಾರಿಗಳೇ ಇಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯು ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಪರಂಪರೆಯ ರಕ್ಷಣೆಗೂ ಬಳಸಲು ಅವಕಾಶ ಕೊಡುತ್ತದೆ. ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಂತೆ ಆಯವ್ಯಯದಲ್ಲಿ ಪಾಲಿರಬೇಕೆಂದು ಕರ್ನಾಟಕವೂ ಅದೇ ವರ್ಷ ಕಾಯ್ದೆ ಮಾಡಿತು. ಆದರೆ ಕೊಡುವವರ ಕಣ್ಣಿಗೆ ಕಟ್ಟಡ ಕಾಣುತ್ತದೆ, ಯಂತ್ರ ಕಾಣುತ್ತದೆ. ಕಾಯುವ ಮನುಷ್ಯ ಕಾಣುವುದಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಾದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನೂ ನಿಷೇಧಿಸಿತು. ದುರುಪಯೋಗ ತಡೆಯಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ದೊಡ್ಡ ಸಂಸ್ಥೆಯ ಮೂಲಕವೇ ನೆರವು ಪಡೆಯಬೇಕಾದ ಕೇರಿಯ ಸಂಘದ ಗತಿಯೇನು? ದಾಖಲೆಮನೆಯ ಬಾಡಿಗೆ, ದೀಪ, ಕಾಯುವವರ ಸಂಬಳ ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಆಡಳಿತ ವೆಚ್ಚವೆನಿಸಬಹುದು. ದಾಖಲೆಮನೆಗೆ ಮಾತ್ರ ಆ ವೆಚ್ಚವೇ ಕೆಲಸ. ಮೂರು ವರ್ಷದ ಯೋಜನೆ ಮುಗಿದ ಮರುದಿನವೂ ಗೆದ್ದಲು ರಜೆ ಹಾಕುವುದಿಲ್ಲ.

ಸರ್ಕಾರವನ್ನೂ ದಾನಿಗಳನ್ನೂ ಪ್ರಶ್ನಿಸುವ ನಾವು ನಮ್ಮ ಕಪಾಟುಗಳನ್ನೂ ತೆರೆದು ನೋಡಬೇಕು. ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿರಬೇಕು, ಹಳೆಯವನ್ನು ಜೋಪಾನವಾಗಿ ಕಾಪಾಡಬೇಕು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನಿನ 535ನೆಯ ವಿಧಿ. ಭೂಮಿಯಿಲ್ಲದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವಳ ಹೆಸರು ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಅಂಥವರ ಹೆಸರನ್ನು ಮೊಟ್ಟಮೊದಲು ಶಾಯಿಯಲ್ಲಿ ಬರೆದದ್ದು ಈ ಪುಸ್ತಕವೇ ಇರಬಹುದು. ದೇವಾಲಯದ ಗೋಪುರಕ್ಕೆ ಚಂದಾ ಎತ್ತುವ ನಾವು ಆ ಹಾಳೆಗಳಿಗಾಗಿ ಎಂದಾದರೂ ಎತ್ತಿದ್ದೇವೆಯೇ?

ಹಣ ಕೊಡುವವರಲ್ಲಿ ಕೇಳಬೇಕಾದದ್ದು ಎರಡೇ: ಕಾಯುವವರಿಗೆ ಸಂಬಳ ಕೊಡಿ, ಬೀಗದ ಕೈಯನ್ನು ಆ ನೆನಪು ಯಾರದೋ ಅವರ ಬಳಿಯೇ ಬಿಡಿ. ನಮ್ಮಲ್ಲಿಯೇ ಕೇಳಿಕೊಳ್ಳಬೇಕಾದದ್ದು ಒಂದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಹಳೆಯ ಪುಸ್ತಕಗಳು ಎಲ್ಲಿವೆಯೆಂದು ವಿಚಾರಿಸಿರಿ. ಕಪಾಟಿನ ಬೀಗದ ಕೈ ಹುಡುಕಲು ಎಷ್ಟು ಹೊತ್ತಾಯಿತೆಂಬುದೇ ಉತ್ತರ ಹೇಳೀತು.