ರಾಷ್ಟ್ರ ಪ್ರಶಸ್ತಿಯ ಪಟ್ಟಿಯನ್ನು ಅಡ್ಡಡ್ಡ ಓದುವುದು

ಡಾ. ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಯಾವ ಚಿತ್ರಕ್ಕೆ ಬಂತು? ಸಿನಿಮಾ ಹುಚ್ಚಿನ ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಎಸೆದು ನೋಡಿ. ಒಬ್ಬರು ‘ಕಸ್ತೂರಿ ನಿವಾಸ’ ಅಂತಾರೆ, ಇನ್ನೊಬ್ಬರು ‘ಬಂಗಾರದ ಮನುಷ್ಯ’ ಅಂತ ಪಟ್ಟು ಹಿಡಿಯುತ್ತಾರೆ. ಯಾವುದಕ್ಕೂ ಬರಲಿಲ್ಲ. ಅವರಿಗೆ ಬಂದದ್ದು ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ, 1992ರ ‘ಜೀವನ ಚೈತ್ರ’ಕ್ಕೆ. 1995ರ ದಾದಾಸಾಹೇಬ್ ಫಾಲ್ಕೆ ಬೇರೆಯ ಮಾತು, ಅದು ಇಡೀ ಜೀವಮಾನದ ಲೆಕ್ಕ.

ಪ್ರಶಸ್ತಿಗಳ ಇತಿಹಾಸಕ್ಕೆ ಹೊಸದಾಗಿ ಕಾಲಿಡುವವರು ಮೊದಲು ಹುಡುಕುವುದು ಎಣಿಕೆಯನ್ನು. ಶಬಾನಾ ಆಜ್ಮಿಗೆ ಐದು, ಅದರಲ್ಲಿ 1982ರಿಂದ 84ರವರೆಗೆ ಸತತ ಮೂರು, ಅಮಿತಾಭ್‌ಗೆ ನಾಲ್ಕು, ಗಾಯಕ ಯೇಸುದಾಸ್‌ಗೆ ಎಂಟು. ಕ್ವಿಜ್ ಗೆಲ್ಲಲು ಇಷ್ಟು ಸಾಕು. ಆದರೆ ಐದು ನಿಮಿಷದಲ್ಲಿ ಮುಗಿದುಹೋಗುವ ಸುಖ ಅದು. ನನ್ನ ಸಲಹೆ ಬೇರೆ: ಒಂದು ಹೆಸರು ಹಿಡಿದು ಮೇಲಿಂದ ಕೆಳಕ್ಕೆ ಇಳಿಯಬೇಡಿ, ಒಂದು ವರ್ಷ ಹಿಡಿದು ಅಡ್ಡಡ್ಡ ಓದಿ. ಯಾರ ಪಕ್ಕದಲ್ಲಿ ಯಾರಿದ್ದಾರೆ, ಯಾವ ಮನೆ ಖಾಲಿ ಇದೆ, ಪದಕ ಯಾರ ಕೈಗೆ ಹೋಯಿತು ಎಂದು ನೋಡಿ.

ಅದಕ್ಕೆ ಮೊದಲು ನಿಯಮಗಳು ಸ್ವಲ್ಪ ಗೊತ್ತಿರಬೇಕು. ಈ ಪ್ರಶಸ್ತಿಗಳನ್ನು ಮೊದಲು ಕೊಟ್ಟದ್ದು 1954ರಲ್ಲಿ, ಹಿಂದಿನ ವರ್ಷದ ಚಿತ್ರಗಳಿಗೆ. ಚಿನ್ನದ ಪದಕ ಮರಾಠಿಯ ‘ಶ್ಯಾಮಚಿ ಆಯಿ’ಗೆ ಹೋಯಿತು. ಆಗ ಪ್ರಶಸ್ತಿ ಇದ್ದದ್ದು ಚಿತ್ರಗಳಿಗೆ ಮಾತ್ರ. ನಟ, ನಟಿ, ನಿರ್ದೇಶಕರ ಹೆಸರು ಪಟ್ಟಿಗೆ ಬಂದದ್ದು 1967ರ ಚಿತ್ರಗಳಿಂದ. ಮೊದಲ ಅತ್ಯುತ್ತಮ ನಟ ಬಂಗಾಳದ ಉತ್ತಮ್ ಕುಮಾರ್, ನಟಿ ನರ್ಗಿಸ್. ಹಾಗಾಗಿ 1954ರ ‘ಬೇಡರ ಕಣ್ಣಪ್ಪ’ನಿಗೆ ಅರ್ಹತಾ ಪತ್ರ ಸಿಕ್ಕಿತು, ಕಣ್ಣಪ್ಪನಾಗಿದ್ದ ಹೊಸ ನಟ ರಾಜ್‌ಕುಮಾರ್‌ಗೆ ಏನೂ ಸಿಗುವಂತಿರಲಿಲ್ಲ. ನಿಯಮದ ಮೇಲೆ ಇಷ್ಟು ಹೊರಿಸಬಹುದು. ಎಪ್ಪತ್ತರ ದಶಕದಲ್ಲಿ ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳಿಗೆ ಬಾರದ್ದಕ್ಕೆ ಆ ನೆಪವಿಲ್ಲ. ಅದನ್ನು ತೀರ್ಪುಗಾರರೇ ಹೊರಬೇಕು.

ಇಸವಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಪಟ್ಟಿಯಲ್ಲಿರುವುದು ಸಮಾರಂಭ ನಡೆದ ವರ್ಷವಲ್ಲ, ಚಿತ್ರ ಸೆನ್ಸಾರ್ ಆದ ವರ್ಷ. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಪಡೆದದ್ದು 2022ರ ಪ್ರಶಸ್ತಿ, ಘೋಷಣೆಯಾದದ್ದು 2024ರ ಆಗಸ್ಟ್‌ನಲ್ಲಿ. ಇನ್ನೊಂದು, ಆಸ್ಕರ್‌ನಂತೆ ಇಲ್ಲಿ ಸಾವಿರಾರು ಸದಸ್ಯರ ಮತದಾನವಿಲ್ಲ. ಬೆರಳೆಣಿಕೆಯ ತೀರ್ಪುಗಾರರು ಕೂತು, ನೋಡಿ, ವಾದ ಮಾಡಿ ತೀರ್ಮಾನಿಸುತ್ತಾರೆ, ಮರುವರ್ಷ ಬೇರೆಯವರು. ಆದ್ದರಿಂದ ಒಂದು ವರ್ಷದ ರುಚಿಗೂ ಮರುವರ್ಷದ ರುಚಿಗೂ ಸಂಬಂಧ ಹುಡುಕುತ್ತ ಕೂರಬೇಡಿ.

ಈಗ ಕನ್ನಡದ ಸ್ವರ್ಣ ಕಮಲಗಳಿಗೆ, ಅಂದರೆ ಅತ್ಯುತ್ತಮ ಚಿತ್ರ ಪ್ರಶಸ್ತಿಗಳಿಗೆ ಬನ್ನಿ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997), ‘ದ್ವೀಪ’ (2001). ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ನಿರ್ದೇಶಕರಲ್ಲಿ ಇವರಿಗಿಂತ ಮುಂದಿರುವವರು ಆರು ಬಾರಿ ಗೆದ್ದ ಸತ್ಯಜಿತ್ ರಾಯ್, ಐದು ಬಾರಿ ಗೆದ್ದ ಬುದ್ಧದೇವ್ ದಾಸ್‌ಗುಪ್ತ. ಸಮಕ್ಕೆ ನಿಂತಿರುವವರು ಮೃಣಾಲ್ ಸೆನ್. ಎಣಿಕೆಯ ರಸಿಕ ಇಲ್ಲಿಗೆ ತೃಪ್ತನಾಗಿ ಪುಸ್ತಕ ಮುಚ್ಚುತ್ತಾನೆ. ಅಡ್ಡ ಓದುವವನು ಪಕ್ಕದ ಮನೆಗೆ ಕಣ್ಣು ಹಾಯಿಸುತ್ತಾನೆ: ಆ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕಾಸರವಳ್ಳಿಯವರಿಗೆ ಬಂದಿಲ್ಲ! ಅದು ಕನ್ನಡಕ್ಕೆ ಬಂದದ್ದು 1971ರಲ್ಲಿ ‘ವಂಶವೃಕ್ಷ’ಕ್ಕಾಗಿ ಗಿರೀಶ ಕಾರ್ನಾಡ್ ಮತ್ತು ಬಿ.ವಿ. ಕಾರಂತರಿಗೆ ಜೋಡಿಯಾಗಿ, 1976ರಲ್ಲಿ ‘ಪಲ್ಲವಿ’ಗಾಗಿ ಪಿ. ಲಂಕೇಶರಿಗೆ.

ದೇಶದಲ್ಲೇ ಶ್ರೇಷ್ಠ ಎನಿಸಿದ ಚಿತ್ರವನ್ನು ನಿರ್ದೇಶಿಸಿದವರು ಶ್ರೇಷ್ಠ ನಿರ್ದೇಶಕರಲ್ಲವೇ? ಇದ್ದ ಪದಕಗಳನ್ನು ಹಂಚಿಬಿಡುವ ಅಭ್ಯಾಸ ಒಂದು ಕಾರಣವಿರಬಹುದು. ಆದರೆ ‘ಘಟಶ್ರಾದ್ಧ’ವನ್ನು ನೋಡುವಾಗ ನನಗೆ ಬೇರೊಂದು ಅನುಮಾನ ಬರುತ್ತದೆ. ಬಸಿರಾದ ವಿಧವೆ ಯಮುನಕ್ಕನ ಕಥೆಯನ್ನು ನಾವು ನೋಡುವುದು ವೇದ ಕಲಿಯಲು ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ. ಅವನಿಗೆ ಅರ್ಥವಾಗದ್ದನ್ನು ಚಿತ್ರವೂ ವಿವರಿಸಲು ಹೋಗುವುದಿಲ್ಲ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವಾಗಲೂ ಅಬ್ಬರವಿಲ್ಲ, ಬರೀ ಕ್ರಿಯೆ. ನಿರ್ದೇಶಕ ಎಲ್ಲೂ ‘ನಾನಿಲ್ಲಿದ್ದೇನೆ’ ಎಂದು ಮುಖ ತೋರಿಸುವುದಿಲ್ಲ. ಇಂಥ ನಿರ್ದೇಶನಕ್ಕೆ ಪದಕ ಸಿಗುವುದು ಕಷ್ಟವೇ.

ಪದಕ ಯಾರ ಕೈಗೆ ಎಂದೆನಲ್ಲ, ಸ್ವರ್ಣ ಕಮಲ ನಿರ್ದೇಶಕರಷ್ಟೇ ನಿರ್ಮಾಪಕರಿಗೂ ಸಲ್ಲುತ್ತದೆ. ‘ತಾಯಿ ಸಾಹೇಬ’ದ ನಿರ್ಮಾಪಕಿ ಜಯಮಾಲಾ. ‘ದ್ವೀಪ’ದ ನಿರ್ಮಾಪಕಿ ಸೌಂದರ್ಯ. ಇಬ್ಬರೂ ಆಯಾ ಚಿತ್ರಗಳ ನಾಯಕಿಯರೇ. ಕಮರ್ಷಿಯಲ್ ಚಿತ್ರಗಳ ತಾರೆಯರು ತಮ್ಮ ದುಡ್ಡು ಹಾಕಿ ಕಲಾತ್ಮಕ ಚಿತ್ರ ಮಾಡಿ ದೇಶದ ಮೊದಲ ಪ್ರಶಸ್ತಿ ಗೆದ್ದದ್ದು ನನ್ನ ಮಟ್ಟಿಗೆ ಈ ಪಟ್ಟಿಯ ಅತಿ ದೊಡ್ಡ ದಾಖಲೆ. ಇದನ್ನು ಕ್ವಿಜ್‌ನಲ್ಲಿ ಯಾರೂ ಕೇಳುವುದಿಲ್ಲ.

‘ದ್ವೀಪ’ ನೋಡುವಾಗ ಮುಳುಗುವ ನೆಲ ಬಿಡಲೊಪ್ಪದ ಮುದುಕ ದುಗ್ಗಜ್ಜನನ್ನು ಗಮನಿಸಿ. ಅವರು ಎಂ.ವಿ. ವಾಸುದೇವ ರಾವ್. ಕಾಲು ಶತಮಾನದ ಹಿಂದೆ ಚೋಮನಾಗಿ ದುಡಿ ಬಾರಿಸಿ, ಕನ್ನಡ ಚಿತ್ರವೊಂದಕ್ಕೆ ಮೊದಲ ಬಾರಿ ಅತ್ಯುತ್ತಮ ನಟ ಪ್ರಶಸ್ತಿ ತಂದವರು. ನೆಲಕ್ಕಾಗಿ ಹಂಬಲಿಸಿದ ಚೋಮ, ನೆಲ ಬಿಡಲಾರದ ದುಗ್ಗಜ್ಜ. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಸ್ವಾರಸ್ಯ ಹೆಚ್ಚು.

1986ರ ಸಾಲಂತೂ ಹಬ್ಬ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಅತ್ಯುತ್ತಮ ನಟ ಪ್ರಶಸ್ತಿ ಗೆದ್ದವರು ಚಾರುಹಾಸನ್. ಅವರ ಮಗಳು ಸುಹಾಸಿನಿ ಹಿಂದಿನ ವರ್ಷವೇ ‘ಸಿಂಧು ಭೈರವಿ’ಗೆ ಅತ್ಯುತ್ತಮ ನಟಿ ಆಗಿದ್ದರು. ತಮ್ಮ ಕಮಲ್ ಹಾಸನ್ 1982ರಲ್ಲೊಮ್ಮೆ, ಮತ್ತೆ 1987ರಲ್ಲಿ ‘ನಾಯಕನ್’ಗಾಗಿ. ಮಗಳು, ಅಪ್ಪ, ಚಿಕ್ಕಪ್ಪ ಹೀಗೆ ಮೂರು ವರ್ಷ ಸಾಲಾಗಿ ಒಂದೇ ಮನೆ! 86ರ ಅತ್ಯುತ್ತಮ ನಟಿ ಮಲಯಾಳದ ‘ನಖಕ್ಷತಂಗಳ್’ನ ಮೋನಿಷಾ. ಬೆಂಗಳೂರಿನಲ್ಲಿ ಬೆಳೆದ ಆ ಹುಡುಗಿಗೆ ಇನ್ನೂ ಹದಿಹರೆಯ. ಕನ್ನಡ ಚಿತ್ರಕ್ಕೆ ತಮಿಳು ನಟ, ಮಲಯಾಳಕ್ಕೆ ಬೆಂಗಳೂರಿನ ಹುಡುಗಿ.

ಭಾಷೆಯ ಕಾಲಮ್ಮನ್ನು ಪೂರ್ತಿ ನಂಬಬೇಡಿ ಎನ್ನುವುದು ಇದಕ್ಕೇ. ಸಂಸ್ಕೃತದ ಲೆಕ್ಕಕ್ಕೆ ಸೇರಿರುವ ಎರಡು ಸ್ವರ್ಣ ಕಮಲಗಳು, 1983ರ ‘ಆದಿ ಶಂಕರಾಚಾರ್ಯ’ ಮತ್ತು 1992ರ ‘ಭಗವದ್ಗೀತೆ’, ಎರಡೂ ನಮ್ಮ ಜಿ.ವಿ. ಅಯ್ಯರ್ ಅವರವು. ಕನ್ನಡದ ‘ಹಂಸಗೀತೆ’ಯನ್ನು ಮಾಡಿದ ಕೈಯೇ ಅದು.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ನಾನು ಕೊಡುವ ಸಾಲು 2007ರದು. ನಟನ ಮನೆಯಲ್ಲಿ ಪ್ರಕಾಶ್ ರೈ, ತಮಿಳಿನ ‘ಕಾಂಚೀವರಂ’ಗೆ. ನಟಿಯ ಮನೆಯಲ್ಲಿ ಉಮಾಶ್ರೀ, ವೈದೇಹಿಯವರ ಕಥೆ ಆಧರಿಸಿದ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ. ಇಬ್ಬರೂ ಇಲ್ಲಿಯ ರಂಗಭೂಮಿಯಲ್ಲಿ ಪಳಗಿದವರು. ತೆರೆಯ ಮೇಲೆ ಉಮಾಶ್ರೀ ಎಂದರೆ ನಗೆಪಾತ್ರ ಎಂದುಕೊಂಡಿದ್ದವರಿಗೆ, ಟಿ.ವಿ. ಬಂದ ಮೇಲೆ ಊರಿನ ಹೆಂಗಸರನ್ನೆಲ್ಲ ಗುಡಿಸಲಿಗೆ ಕರೆದು ಕೂರಿಸಿಕೊಳ್ಳುವ ಸೂಲಗಿತ್ತಿ ಗುಲಾಬಿ ಬೇರೆಯೇ ಹೆಂಗಸಾಗಿ ಕಾಣುತ್ತಾಳೆ. ಆ ವರ್ಷದ ತೀರ್ಪುಗಾರರ ಬಗ್ಗೆ ನನ್ನ ತಕರಾರಿಲ್ಲ.