ಮಾಸ್ಕ್ ಯಾವುದೆಂದು ಯಂತ್ರವೇ ಹೇಳಬಲ್ಲುದೇ?

ನಿದ್ರೆಯಲ್ಲಿ ಗಂಟಲಿನ ಮೃದುಭಾಗ ಕುಸಿದು ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುವ ತೊಂದರೆಗೆ ಸ್ಲೀಪ್ ಅಪ್ನಿಯ ಎನ್ನುತ್ತಾರೆ. ಮೂಗಿನ ಮೂಲಕ ಸತತ ಒತ್ತಡದಲ್ಲಿ ಗಾಳಿ ಊದಿ ಆ ದಾರಿಯನ್ನು ತೆರೆದಿಡಬಹುದೆಂದು ಸಿಡ್ನಿ ವಿಶ್ವವಿದ್ಯಾಲಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಐವರು ರೋಗಿಗಳಲ್ಲಿ ತೋರಿಸಿದರು. ಇಂದಿನ ಸಿಪ್ಯಾಪ್ ಯಂತ್ರದ ಮೂಲ ಇದೇ. ಅದು ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ನೀರಿನ ಎತ್ತರಕ್ಕೆ ಸಮನಾದ ಒತ್ತಡ ನೀಡುತ್ತದೆ. ನಮ್ಮ ಪ್ರಯೋಗಶಾಲೆಯ ಯು-ನಳಿಗೆಯಲ್ಲೇ ಇದನ್ನು ಅಳೆಯಬಹುದು!

ಗಾಳಿಯನ್ನು ಮುಖಕ್ಕೆ ತಲುಪಿಸುವ ಮಾಸ್ಕ್‌ಗಳಲ್ಲಿ ಮೂರು ಮುಖ್ಯ ಬಗೆಗಳಿವೆ: ಮೂಗಿನ ಹೊಳ್ಳೆಗೆ ಒತ್ತಿ ಕೂರುವುದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು. ಬಹಳಷ್ಟು ಯಂತ್ರಗಳಲ್ಲಿ ಬಗೆಯನ್ನು ಬಳಕೆದಾರರೇ ಪಟ್ಟಿಯಿಂದ ಆರಿಸಬೇಕು. ತಪ್ಪು ಆರಿಸಿದರೆ ಲೆಕ್ಕವೂ ತಪ್ಪು. ಆದ್ದರಿಂದ ಸಂವೇದಕಗಳ ದತ್ತಾಂಶದಿಂದ ಯಂತ್ರವೇ ಮಾಸ್ಕನ್ನು ಗುರುತಿಸಲಿ ಎಂಬ ಆಲೋಚನೆ ಸಹಜ. ಅದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಪರಿಶೀಲಿಸೋಣ.

ಒಂದು ಸಮೀಕರಣ, ಎರಡು ಅವ್ಯಕ್ತಗಳು

ಹೊರಬಿಟ್ಟ ಕಾರ್ಬನ್ ಡೈಆಕ್ಸೈಡ್ ತೊಳೆದುಹೋಗಲೆಂದು ಈ ಮಾಸ್ಕ್‌ಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ಹೋಗುವ ಹರಿವು ಸ್ಥೂಲವಾಗಿ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಪ್ರತಿ ಮಾಸ್ಕಿಗೂ ಅದರದೇ ಸ್ಥಿರಾಂಕ. ಒಳಗೆಳೆದ ಉಸಿರು ಹೊರಗೂ ಬರುವುದರಿಂದ ಹಲವು ಉಸಿರುಗಳ ಸರಾಸರಿ ತೆಗೆದರೆ ರೋಗಿಯ ಪಾಲು ಸೊನ್ನೆ. ಉಳಿಯುವುದು ರಂಧ್ರಗಳ ಹರಿವು ಮತ್ತು ಅಂಚಿನಲ್ಲಿ ಆಗುವ ಸೋರಿಕೆ, ಇವೆರಡರ ಮೊತ್ತ.

ತೊಡಕು ಇಲ್ಲೇ ಇದೆ. ‘ಅ’ ಮಾಸ್ಕಿನ ಸ್ಥಿರಾಂಕ 10, ‘ಆ’ ಮಾಸ್ಕಿನದು 12 ಎಂದಿಟ್ಟುಕೊಳ್ಳಿ. ಒತ್ತಡ 4 ಸೆಂ.ಮೀ. ಇದ್ದಾಗ ನಿಮಿಷಕ್ಕೆ 20 ಮತ್ತು 24 ಲೀಟರ್, 16 ಸೆಂ.ಮೀ. ಇದ್ದಾಗ 40 ಮತ್ತು 48 ಲೀಟರ್ ಹರಿಯುತ್ತದೆ. ಈಗ ‘ಅ’ ಮಾಸ್ಕಿನ ಅಂಚಿನಲ್ಲಿ 2 ಸ್ಥಿರಾಂಕದ ಸಂದು ಬಿಟ್ಟಿತೆನ್ನಿ. ಮೊತ್ತ ಮತ್ತೆ 24 ಮತ್ತು 48! ಸೋರುವ ‘ಅ’ ಮತ್ತು ಬಿಗಿಯಾದ ‘ಆ’ ಹರಿವಿನ ಸಂವೇದಕಕ್ಕೆ ಒಂದೇ. ಯಂತ್ರ ‘ಆ’ ಎಂದು ತೀರ್ಮಾನಿಸಿದರೆ 8 ಲೀಟರ್ ಸೋರಿಕೆ ವರದಿಯಿಂದ ಮಾಯವಾಗುತ್ತದೆ. ಒತ್ತಡ ಏರಿದಂತೆ ಸಂದು ಹಿಗ್ಗಿದರೆ ವಕ್ರರೇಖೆ ಬದಲಾಗಿ ಸುಳಿವು ಸಿಗಬಹುದು. ಆದರೆ ಸಂದು ಯಾವಾಗಲೂ ಹಿಗ್ಗಲೇಬೇಕೆಂದಿಲ್ಲ.

ಇದರಿಂದ ಉಸಿರಿನ ಅಲೆಯ ಆಕಾರ ಅಷ್ಟಾಗಿ ಕೆಡದು. ಕೆಡುವುದು ಸೋರಿಕೆಯ ಲೆಕ್ಕ. ಬಾಯೊಣಗುತ್ತದೆ, ಕಣ್ಣಿಗೆ ಗಾಳಿ ಬಡಿಯುತ್ತದೆ ಎಂದು ರೋಗಿ ದೂರುತ್ತಾನೆ. ಸೋರಿಕೆ ಇಲ್ಲವೆಂದು ವರದಿ ಹೇಳುತ್ತದೆ. ವೈದ್ಯರು ಯಾರನ್ನು ನಂಬಬೇಕು? ಬೇಸತ್ತ ರೋಗಿ ಚಿಕಿತ್ಸೆಯನ್ನೇ ಬಿಟ್ಟರೆ ನಷ್ಟ ಅವನಿಗೆ.

ಪ್ರತಿಧ್ವನಿಯ ನೆರವು

ಎರಡನೆಯ ಮಾರ್ಗ ಶಬ್ದದ್ದು. ರೆಸ್‌ಮೆಡ್ ಸಂಸ್ಥೆಯ 2010ರಲ್ಲಿ ಪ್ರಕಟವಾದ ಪೇಟೆಂಟ್ ಅರ್ಜಿಯೊಂದು ಇದನ್ನು ವಿವರಿಸುತ್ತದೆ. ಕೊಳವೆಯಲ್ಲಿ ಸಾಗಿದ ಶಬ್ದ ಮಾಸ್ಕಿನಿಂದ ಪ್ರತಿಫಲಿಸಿ ಮರಳುತ್ತದೆ. ಮಾಸ್ಕಿನ ಒಳರೂಪಕ್ಕೆ ತಕ್ಕಂತೆ ಪ್ರತಿಧ್ವನಿಯೂ ಬದಲಾಗುತ್ತದೆ. ಪ್ರತಿಧ್ವನಿಯನ್ನು ಬೇರ್ಪಡಿಸಲು ಬಳಸುವ ಸೆಪ್‌ಸ್ಟ್ರಮ್ ಎಂಬ ಗಣಿತ ವಿಧಾನವನ್ನು 1963ರಲ್ಲಿ ಬೋಗರ್ಟ್, ಹೀಲಿ ಮತ್ತು ಟ್ಯೂಕಿ ರೂಪಿಸಿದ್ದರು. ಹರಿವು ಕೊಡದ ಸ್ವತಂತ್ರ ಮಾಹಿತಿ ಇಲ್ಲಿ ದೊರೆಯುತ್ತದೆ. ಈ ವಿಧಾನದ ನಿಜವಾದ ಬೆಲೆ ಅದು.

ಮಿತಿಗಳೂ ಇವೆ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 30 ಡಿಗ್ರಿಯಲ್ಲಿ 349. ಎರಡು ಮೀಟರ್ ಕೊಳವೆಯಲ್ಲಿ ಹೋಗಿಬರಲು ಸುಮಾರು 12 ಮಿಲಿಸೆಕೆಂಡು ಬೇಕು. ಈ ಹತ್ತು ಡಿಗ್ರಿ ವ್ಯತ್ಯಾಸದಿಂದಲೇ ಪ್ರತಿಧ್ವನಿ ಮೂರುವರೆ ಸೆಂಟಿಮೀಟರ್ ಹತ್ತಿರದಿಂದ ಬಂದಂತೆ ಕಾಣುತ್ತದೆ. ಮಾಸ್ಕಿನ ಗಾತ್ರವೇ ಕೆಲವು ಸೆಂಟಿಮೀಟರ್ ಅಲ್ಲವೇ? ತಾಪವನ್ನೂ ಅಳೆದು ಸರಿಪಡಿಸದೆ ಹೆಸರು ಹೇಳುವಂತಿಲ್ಲ. ಕೊಳವೆಯಲ್ಲಿ ಸೇರಿದ ನೀರಹನಿಯೂ ಪ್ರತಿಧ್ವನಿಯನ್ನು ಕೆಡಿಸಬಹುದು. ಇನ್ನು, ಯಂತ್ರದ ಸಂಗ್ರಹದಲ್ಲಿಲ್ಲದ ಹೊಸ ಮಾಸ್ಕ್ ಬಂದರೆ? ಅತಿ ಹತ್ತಿರದ ಹೆಸರನ್ನು ಅಂಟಿಸುವುದು ಗುರುತಿಸುವಿಕೆಯಲ್ಲ, ಊಹೆ.

ಯಂತ್ರ ಖಚಿತವಾಗಿ ನುಡಿಯಬಲ್ಲ ಒಂದು ಸಂದರ್ಭವುಂಟು. ಆಸ್ಪತ್ರೆಯ ವೆಂಟಿಲೇಟರಿಗೆಂದೇ ಮಾಡಿದ ರಂಧ್ರರಹಿತ ಮಾಸ್ಕನ್ನು ಇದಕ್ಕೆ ಜೋಡಿಸಿದರೆ ರೋಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಸೇವಿಸುವ ಅಪಾಯವಿದೆ. ಮಾಸ್ಕ್ ಸೋರದಿದ್ದರೆ ಆಗ ಸರಾಸರಿ ಹರಿವು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಮಾಸ್ಕಿನ ಹೆಸರು ತಿಳಿಯದಿದ್ದರೂ ಎಚ್ಚರಿಕೆ ನೀಡಬಹುದು. ಜೀವರಕ್ಷಣೆಯ ಈ ಕೆಲಸಕ್ಕೆ ಮೊದಲ ಸ್ಥಾನ ಸಿಗಬೇಕು.

ಸ್ವಯಂಚಾಲಿತ ಗುರುತಿಸುವಿಕೆ ಬೇಡವೆಂದಲ್ಲ. ಹರಿವು, ಶಬ್ದ ಎರಡೂ ಒಂದೇ ಉತ್ತರ ಕೊಟ್ಟಾಗ ಮಾತ್ರ ಯಂತ್ರ ಮಾಸ್ಕಿನ ಹೆಸರು ಹೇಳಲಿ. ಇಲ್ಲವಾದರೆ ‘ತಿಳಿಯದು’ ಎಂದು ಒಪ್ಪಿಕೊಂಡು ಬಳಕೆದಾರರನ್ನು ಕೇಳಲಿ. ಮಾಸ್ಕನ್ನು ಆರಿಸಿದ್ದು ಮನುಷ್ಯನೋ ಯಂತ್ರವೋ ಎಂಬುದು ವರದಿಯಲ್ಲಿ ದಾಖಲಾಗಲಿ. ಅಳತೆಗೂ ಅಂದಾಜಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?