ನಕ್ಷತ್ರ ಕಟ್ಟದ ಮನೆಗಳ ಕ್ರಿಸ್ಮಸ್

ಡಿಸೆಂಬರ್ ಕೊನೆಯ ವಾರ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಜೋಡಿ ಗೋಪುರಗಳಿಗೆ ದೀಪಾಲಂಕಾರ, ಅಂಗಳದಲ್ಲಿ ಗೋದಲಿ, ಮಕ್ಕಳನ್ನು ಹೆಗಲೇರಿಸಿಕೊಂಡು ನೋಡಲು ಬಂದ ಎಲ್ಲ ಮತದ ಜನ. ಹಬ್ಬ ಇಡೀ ಊರಿನದಾಗಿದೆ ಎಂಬುದು ಸಂತೋಷವೇ. ಆದರೆ ಅದೇ ವರ್ಷ ಗಂಡನನ್ನೋ ಮಗಳನ್ನೋ ಮಣ್ಣು ಮಾಡಿ ಬಂದ ಕ್ರೈಸ್ತ ಮನೆಗೆ ಈ ಹಬ್ಬ ಏನು ಕೊಡುತ್ತದೆ ಎಂದು ಕೇಳಿದರೆ ನಮ್ಮ ಆಚರಣೆಯ ಬಡತನ ಕಾಣತೊಡಗುತ್ತದೆ.

ಅಂಥ ಮನೆಗಳಿಗೆ ನಮ್ಮಲ್ಲಿ ಒಂದು ರೂಢಿಯಿದೆ. ಆ ವರ್ಷ ಬಾಗಿಲಿಗೆ ನಕ್ಷತ್ರ ಕಟ್ಟುವುದಿಲ್ಲ, ಎಣ್ಣೆ ಬಾಂಡಲಿ ಒಲೆಗೇರುವುದಿಲ್ಲ. ‘ಈ ಸಲ ನಮಗೆ ಹಬ್ಬ ಇಲ್ಲ’ ಅಂದರೆ ಮುಗಿಯಿತು, ಯಾರೂ ಕೆದಕುವುದಿಲ್ಲ. ನೆಂಟರೋ ನೆರೆಯವರೋ ಕರ್ಜಿಕಾಯಿ, ಕಜ್ಜಾಯ, ಎರಡು ತುಂಡು ಕೇಕು ತಂದು ಅಡುಗೆಮನೆಯಲ್ಲಿಟ್ಟು, ಸ್ವಲ್ಪ ಹೊತ್ತು ಕೂತು, ಹೋದವರ ಮಾತಾಡಿ ಎದ್ದುಹೋಗುತ್ತಾರೆ. ವರ್ಷಾಬ್ದಿಕದವರೆಗೆ ಹಬ್ಬ ಮಾಡದ ಹಿಂದೂ ನೆರೆಹೊರೆಯಿಂದ ಬಂದ ಪದ್ಧತಿ ಇದು ಎಂದು ಮೂಗು ಮುರಿಯುವವರಿದ್ದಾರೆ. ಎಲ್ಲಿಂದಲಾದರೂ ಬಂದಿರಲಿ. ನಗಲೇಬೇಕೆಂಬ ಬಲವಂತ ಇಲ್ಲಿಲ್ಲ, ಮರೆತುಬಿಟ್ಟರು ಎಂಬ ನೋವೂ ಇಲ್ಲ. ನಾನು ಕೇಳಿರುವ ಎಷ್ಟೋ ಪ್ರಬೋಧನೆಗಳಿಗಿಂತ ಆ ತಿಂಡಿ ತಟ್ಟೆಯೇ ಹೆಚ್ಚು ಸಮಾಧಾನ ಹೇಳುತ್ತದೆ.

ಎಡವುವುದು ಚರ್ಚಿನ ಕಾರ್ಯಕ್ರಮ ಪಟ್ಟಿ. ಗೋದಲಿ ಸ್ಪರ್ಧೆ, ಹಾಡಿನ ಸ್ಪರ್ಧೆ, ರಾತ್ರಿಯೆಲ್ಲ ಕ್ಯಾರಲ್ಸ್. ಗಿಟಾರು, ಡ್ರಮ್ಮು, ಮುಖವಾಡ ಹಾಕಿದ ಕ್ರಿಸ್ಮಸ್ ತಾತನೊಂದಿಗೆ ಹೊರಟ ಹುಡುಗರು ದುಃಖದ ಮನೆ ಬಂದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ದಾಟಿಕೊಂಡು ಹೋಗುತ್ತಾರೆ. ಇಲ್ಲವೇ ಅದೇ ಅಬ್ಬರದ ಹಾಡು ಹಾಡಿ ಕಾಣಿಕೆ ಡಬ್ಬಿ ಒಡ್ಡುತ್ತಾರೆ. ಎರಡೂ ತಪ್ಪೇ. ಇನ್ನು ಪೀಠದಿಂದ ‘ಪ್ರಭು ಹುಟ್ಟಿದ್ದಾನೆ, ಕಣ್ಣೀರೇಕೆ?’ ಎಂಬ ಧಾಟಿಯ ಮಾತು ಬಂದರೆ, ಅಳು ಬಂದವರಿಗೆ ತಮ್ಮ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಅನ್ನಿಸುತ್ತದೆ. ಸಾವಿನ ಮನೆಗಳಷ್ಟೇ ಅಲ್ಲ. ನಿವೃತ್ತರ ಊರೆಂದು ಹೆಸರಾದ ಮೈಸೂರಿನಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿದ್ದು, ವಿಡಿಯೋ ಕಾಲ್ ಮುಗಿದ ಮೇಲೆ ಇಬ್ಬರೇ ಊಟಕ್ಕೆ ಕೂರುವ ಮುದುಕರ ಮನೆಗಳೂ ಇವೆ.

ವಿಚಿತ್ರವೆಂದರೆ ಧರ್ಮಸಭೆಯ ಪಂಚಾಂಗ ಇಷ್ಟು ಕುರುಡಲ್ಲ. ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಬಣ್ಣ ನೇರಳೆ, ತಪಸ್ಸು ಕಾಲದ್ದೇ ಬಣ್ಣ. ಜಯಂತಿಯ ಮರುದಿನ, ಡಿಸೆಂಬರ್ 26ಕ್ಕೆ, ಕಲ್ಲೇಟಿಗೆ ಸತ್ತ ಸ್ತೆಫಾನನ ಹಬ್ಬ. 28ಕ್ಕೆ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಎಳೆಮಕ್ಕಳ ಸ್ಮರಣೆ. ಮತ್ತಾಯನು ಅಲ್ಲಿ ಸಮಾಧಾನ ಬೇಡವೆನ್ನುವ ತಾಯಿಯನ್ನು ನೆನೆಯುತ್ತಾನೆ, ಅವಳಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಗೋದಲಿಯ ಮಗುವೇ ರಾತ್ರೋರಾತ್ರಿ ಈಜಿಪ್ಟಿಗೆ ಓಡಬೇಕಾಯಿತು. ಕ್ರೈಸ್ತ ಸಮಾಧಾನ ಎಂಬುದೇನಾದರೂ ಇದ್ದರೆ ಅದು ಇಲ್ಲಿದೆ: ದೇವರು ಇಂಥ ಮನೆಯಲ್ಲೇ ಹುಟ್ಟಿದ. ನಾವು 25ರಂದೇ ಕಥೆ ನಿಲ್ಲಿಸಿ, 28ರ ಪೂಜೆಗೆ ಬೆರಳೆಣಿಕೆಯ ಜನರನ್ನು ಬಿಟ್ಟಿದ್ದೇವೆ.

ಕಟ್ಟಡಕ್ಕೂ ಈ ವಿವೇಕ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟ ಈ ಚರ್ಚಿನ ಬಣ್ಣದ ಗಾಜುಗಳಲ್ಲಿ ಯೇಸುವಿನ ಜನನವೂ ಇದೆ, ಶಿಲುಬೆಯೂ ಇದೆ. ಮೇಲೆ ಎಲ್ಲರೂ ಫೋಟೋ ತೆಗೆಯುತ್ತಿರುವಾಗ ಇಕ್ಕಟ್ಟಾದ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ. ಗೋಡೆಯುದ್ದಕ್ಕೂ ದಾನಿಗಳ ಹೆಸರು ಕೊರೆದ ಕಲ್ಲುಗಳು. ಒಳಗೆ ಮಲಗಿದ ಭಂಗಿಯಲ್ಲಿ ಫಿಲೋಮಿನಾ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಈ ಸಂತಳ ಅವಶೇಷವನ್ನು 1926ರಲ್ಲಿ ಪಡೆದು ತಂದರು. ಆಕೆಯ ಚರಿತ್ರೆ ಖಚಿತವಿಲ್ಲವೆಂದು ರೋಮ್ 1961ರಲ್ಲಿ ಹಬ್ಬವನ್ನು ಪಂಚಾಂಗದಿಂದ ತೆಗೆದುಹಾಕಿತು. ಮೈಸೂರಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಆ ಮಬ್ಬು ಬೆಳಕಿನಲ್ಲಿ ಯಾರಾದರೂ ಸುಮ್ಮನೆ ನಿಂತು ಅತ್ತರೆ ಏಕೆಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚಿನಲ್ಲಿ ಕ್ರಿಸ್ಮಸ್ಸಿಗೆ ತಕ್ಕ ಜಾಗ ಅದೇ.

ಪಶ್ಚಿಮದ ಹಲವು ಸಭೆಗಳು ವರ್ಷದ ಅತಿ ದೀರ್ಘ ರಾತ್ರಿಯಾದ ಡಿಸೆಂಬರ್ 21ರ ಸುಮಾರಿಗೆ ದುಃಖಿತರಿಗಾಗಿ ‘ಬ್ಲೂ ಕ್ರಿಸ್ಮಸ್’ ಎಂಬ ಮೌನದ ಆರಾಧನೆ ನಡೆಸುತ್ತವೆ. ಆಲೋಚನೆ ಒಳ್ಳೆಯದು. ಆದರೆ ಅದನ್ನು ಹಾಗೇ ತಂದರೆ ದುಃಖದವರನ್ನು ಬೇರೆ ಪಂಕ್ತಿಗೆ ಕೂರಿಸಿದಂತಾದೀತು. ಹಬ್ಬದವರು ಒಂದು ಕಡೆ, ಅಳುವವರು ಇನ್ನೊಂದು ಕಡೆ. ಒಂದೇ ಬಲಿಪೂಜೆಯಲ್ಲಿ ಇಬ್ಬರೂ ಇರಬೇಕು.

ನಮ್ಮ ಕೈಯಲ್ಲೇ ಇರುವುದನ್ನು ಮೊದಲು ಬಳಸೋಣ. ನವೆಂಬರ್ 2ರ ಸಕಲ ಮೃತರ ಸ್ಮರಣೆಗೆ ಜನ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ, ಪೂಜೆಗೆ ಹೆಸರು ಬರೆಸುತ್ತಾರೆ. ಆ ಪಟ್ಟಿಯನ್ನು ಫಾದರ್‌ಗಳು ಡಿಸೆಂಬರಿನಲ್ಲಿ ಕ್ಯಾರಲ್ಸ್ ತಂಡದ ಕೈಗೆ ಕೊಡಲಿ. ಆ ಮನೆಗಳ ಮುಂದೆ ಡ್ರಮ್ಮು, ಮುಖವಾಡ, ಡಬ್ಬಿ ಬೇಡ. ಒಳಗೆ ಕರೆದರೆ ಒಂದು ಮೆಲುದನಿಯ ಹಾಡು, ಹೋದವರ ಹೆಸರು ಹೇಳಿ ಒಂದು ಪ್ರಾರ್ಥನೆ. ಮಧ್ಯರಾತ್ರಿಯ ಪೂಜೆಯಲ್ಲೂ ಆ ಹೆಸರುಗಳನ್ನು ಓದಲಿ. 28ರ ಸಂಜೆಯ ಪೂಜೆಗೆ ಹಬ್ಬ ಮಾಡಿದ ಮನೆಗಳವರೂ ಬರಲಿ, ಬರುವಾಗ ಪಕ್ಕದ ಮನೆಯ ಒಂಟಿ ಅಜ್ಜಿಯನ್ನೂ ಕೈಹಿಡಿದು ಕರೆತರಲಿ.